ದ್ವೇಷದ ಮಾತೂ ಬೇಡ, ದ್ವೇಷ ಭಾಷಣದ ಕಾನೂನೂ ಬೇಡ: ಈ ನಿಲುವು ನಿಲ್ಲುತ್ತದಾ?

ತುಂಗಾತೀರ
2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ವಿಧೇಯಕ ಎರಡೂ ಸದನ ದಾಟಿದಾಗಿನಿಂದ ಶಿವಮೊಗ್ಗದ ಈ ಗುಂಪಿನಲ್ಲಿ ಎರಡೇ ಪಂಗಡ. ಬೇಡ ಅಂದವನು ದ್ವೇಷದ ಗಿರಾಕಿ, ಬೇಕು ಅಂದವನು ಸರ್ಕಾರದ ಬಾಲಬಡುಕ. ನಾನು ಎರಡರಲ್ಲೂ ಇಲ್ಲ. ಒಂದಿಡೀ ಸಮುದಾಯವನ್ನು ಮೈಕಿನಲ್ಲಿ ಹೀನಾಯವಾಗಿ ಬೈಯುವುದು ಅಸಹ್ಯ. ಬೈದವರನ್ನು ಹೆಸರು ಹಿಡಿದೇ ಖಂಡಿಸಬೇಕು, ಅವರ ಸುಳ್ಳನ್ನು ಸಾಲುಸಾಲಾಗಿ ಬಿಚ್ಚಿಡಬೇಕು. ಆದರೆ ಅದಕ್ಕೆ ಈ ಕಾನೂನು ಬೇಡ; ಕಾನೂನು ಕೈ ಹಾಕಬೇಕಾದ್ದು ನೇರವಾಗಿ ಹಿಂಸೆಗೆ ಕರೆ ಕೊಟ್ಟಾಗ ಮಾತ್ರ.

ವ್ಯಾಖ್ಯೆಯನ್ನೇ ನೋಡಿ. ಸಾರ್ವಜನಿಕವಾಗಿ ಆಡಿದ, ಬರೆದ, ಹಂಚಿದ ಯಾವುದೇ ಮಾತು. ಬದುಕಿರುವ ಅಥವಾ ಸತ್ತಿರುವ ವ್ಯಕ್ತಿ, ಗುಂಪು, ಸಮುದಾಯದ ವಿರುದ್ಧ. ಹಾನಿ, ಅಸಾಮರಸ್ಯ, ವೈರ, ದ್ವೇಷ ಅಥವಾ ಕೆಟ್ಟ ಭಾವನೆ ಹುಟ್ಟಿಸುವ ಉದ್ದೇಶದಿಂದ ಇದ್ದರೆ ಅಪರಾಧ. ಮೊದಲ ಸಲಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ ಜೈಲು, 50,000 ರೂಪಾಯಿ ದಂಡ. ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನು ರಹಿತ. 'ಕೆಟ್ಟ ಭಾವನೆ'ಯನ್ನು ಅಳೆಯುವ ಕೊಳಗ ಯಾವ ಠಾಣೆಯಲ್ಲಿದೆ? 'ಸತ್ತಿರುವ ವ್ಯಕ್ತಿ' ಅಂದ ಮೇಲೆ ಟಿಪ್ಪು, ಸಾವರ್ಕರ್ ಇಬ್ಬರ ಬಗ್ಗೆಯೂ ಖಾರವಾಗಿ ಬರೆಯುವ ಹಾಗಿಲ್ಲ. 2022ರ ಆಗಸ್ಟ್ 15ರಂದು ಅಮೀರ್ ಅಹ್ಮದ್ ಸರ್ಕಲ್‌ನಲ್ಲಿ ಸಾವರ್ಕರ್ ಚಿತ್ರದ ಒಂದು ಫ್ಲೆಕ್ಸ್‌ಗೆ ಊರು ಹೇಗೆ ಹೊತ್ತಿತು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅಂಥ ಊರಿನಲ್ಲಿ ಈ ಎರಡು ಪದ ಕೈಗೆ ಸಿಕ್ಕರೆ ಎರಡೂ ಕಡೆಯವರು ಬೆಳಗಾದರೆ ದೂರು ಹಿಡಿದು ಠಾಣೆ ಮುಂದೆ ನಿಂತಿರುತ್ತಾರೆ.

ತೀರ್ಥಳ್ಳಿ ಎಕ್ಸ್‌ಪ್ರೆಸ್
ಸರಿಯಾಗಿ ಹೇಳಿದ್ರಿ ಸಾರ್. ಇದು ನಮ್ಮವರ ಬಾಯಿ ಮುಚ್ಚಿಸೋಕೆ ತಂದ ಕಾನೂನು. ಆದ್ರೆ ನಮ್ಮ ದೇವರನ್ನ ಅವಹೇಳನ ಮಾಡೋರ್ನ ಮಾತ್ರ ಬಿಡಬಾರದು. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 299 ಇದೆಯಲ್ಲ, ಹಾಕಿ ಒಳಗೆ ಕಳಿಸ್ಬೇಕು.

ತುಂಗಾತೀರ
ಮಾರಾಯಾ, ಹಾಗಾದ್ರೆ ನೀನು ನನ್ನ ಪಕ್ಕ ನಿಂತಿಲ್ಲ, ಎದುರಿಗಿದ್ದೀಯ. 299 ಅಂದ್ರೆ ಹಳೇ ಐಪಿಸಿಯ 295ಎ. ಅದು ಹುಟ್ಟಿದ್ದು ಹೇಗೆ ಅಂತ ಕೇಳು. ಪ್ರವಾದಿಯನ್ನು ಹೀಯಾಳಿಸಿದ ಒಂದು ಪುಸ್ತಿಕೆಯನ್ನು ರಾಜಪಾಲ್ ಅನ್ನುವ ಪ್ರಕಾಶಕ ಲಾಹೋರಿನಲ್ಲಿ ಅಚ್ಚು ಹಾಕಿದ. ಕೇಸು ಐಪಿಸಿ 153ಎ ಅಡಿ, ಅಂದರೆ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದ ಅಂತ. ಸತ್ತ ಧರ್ಮಗುರುವಿನ ಟೀಕೆ ಆ ಕಲಮಿಗೆ ಬರುವುದಿಲ್ಲ ಅಂತ 1927ರಲ್ಲಿ ಲಾಹೋರ್ ಹೈಕೋರ್ಟ್ ಬಿಡುಗಡೆ ಮಾಡಿತು. ಬೀದಿ ಎದ್ದಿತು, ಅದೇ ವರ್ಷ ಬ್ರಿಟಿಷ್ ಸರ್ಕಾರ 295ಎ ತಂದಿತು. ಕಾನೂನು ಬಂದರೆ ಸಿಟ್ಟು ಇಳಿಯುತ್ತದೆ ಅನ್ನುವುದು ಆಗಿನ ವಾದ. 1929ರಲ್ಲಿ ರಾಜಪಾಲ್‌ನನ್ನು ಅಂಗಡಿಗೇ ನುಗ್ಗಿ ಇರಿದು ಕೊಂದರು. ಆವತ್ತು ಒಂದು ಸಮುದಾಯದ ಸಿಟ್ಟಿಗೆ ಹೆದರಿ ಬರೆದ ಕಲಮನ್ನು ಇವತ್ತು ನೀನು ಇನ್ನೊಂದು ಸಮುದಾಯದ ಪರವಾಗಿ ಕೇಳ್ತಾ ಇದ್ದೀಯ. 'ನಮ್ಮ' ಕಾನೂನು ಅಂತ ಒಂದು ಇರಲ್ಲ ಕಣೋ.

ಗಾಡಿಕೊಪ್ಪ
ತುಂಗಾತೀರ ಅವರೇ, ಲಾಹೋರಿಗೆ ಹೋಗಿ ಬರುವಷ್ಟರಲ್ಲಿ ಇಲ್ಲಿಯದನ್ನು ಬಿಟ್ಟಿರಿ. 'ಬೇಡ' ಅನ್ನುವವರೆಲ್ಲ ಮಾತು ಬೇರೆ, ಕಲ್ಲು ಬೇರೆ ಅಂತ ನಂಬಿರುತ್ತೀರಿ. 1994ರಲ್ಲಿ ರುವಾಂಡಾದ ನರಮೇಧದ ಹೊತ್ತಿಗೆ ಆರ್‌ಟಿಎಲ್‌ಎಂ ರೇಡಿಯೊ ಮೊದಲು ಟುಟ್ಸಿ ಜನಾಂಗದವರನ್ನು 'ಜಿರಲೆ' ಅಂತ ಕರೆಯಿತು. ಕೊಲ್ಲಬೇಕಾದವರ ಹೆಸರು, ವಿಳಾಸ ಓದಿದ್ದು ಆಮೇಲೆ. ಜಿರಲೆ ಅಂದಾಗ ನಿಮ್ಮ ಲೆಕ್ಕದಲ್ಲಿ ಅದು 'ಅಭಿಪ್ರಾಯ', ಹಿಂಸೆಗೆ ಕರೆ ಅಲ್ಲ. ವಿಳಾಸ ಓದುವ ತನಕ ಕಾಯಬೇಕಾ? ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವುದಕ್ಕೆ ಮುಂಚೆ, ಗೊನೆ ಉದುರಿದ ಮೇಲೆ ಅಲ್ಲ.

ಇನ್ನೊಂದು. ವ್ಯಾಖ್ಯೆಯಲ್ಲಿ 'ಉದ್ದೇಶದಿಂದ' ಅಂತ ಇದೆ, ನೀವೇ ಬರೆದಿದ್ದೀರಿ. ಹಾಗಿದ್ದರೂ ಯಾರಿಗಾದರೂ ನೋವಾದರೆ ಸಾಕು ಜೈಲು ಅನ್ನುವ ಹಾಗೆ ವಾದ ಮಾಡುತ್ತಿದ್ದೀರಿ. ಇತಿಹಾಸ ಬರೆಯುವವನಿಗೆ ಆ ಉದ್ದೇಶ ಇರುವುದಿಲ್ಲ.

ಕೋರ್ಟ್ ಕಟ್ಟೆ
ಇಬ್ಬರೂ ಸ್ವಲ್ಪ ನಿಲ್ಲಿ. ವಿಧೇಯಕದಲ್ಲಿ ಸಾಹಿತ್ಯ, ಕಲೆ, ವಿಜ್ಞಾನ, ಕಲಿಕೆಯ ಹಿತಕ್ಕಾಗಿ ಇರುವ ಬರಹಕ್ಕೆ ವಿನಾಯಿತಿ ಇದೆ. ತುಂಗಾತೀರ ಅದನ್ನು ಹೇಳಬೇಕಿತ್ತು. ಆದರೆ ವಿನಾಯಿತಿ ಅನ್ನುವುದು ವಿಚಾರಣೆಯಲ್ಲಿ ಎತ್ತುವ ವಾದ. ಎಫ್‌ಐಆರ್, ಬಂಧನ, ಫೋನ್ ಜಪ್ತಿ ಎಲ್ಲ ಅದಕ್ಕಿಂತ ಮೊದಲೇ ಆಗಿರುತ್ತೆ. 'ಉದ್ದೇಶ'ವೂ ಅಷ್ಟೇ, ಸಾಬೀತಾಗುವುದು ಕೊನೆಯಲ್ಲಿ.

ನನ್ನ ತಕರಾರು ಬೇರೆ ಕಡೆ. ಎಲ್ಲರೂ ಪದಗಳ ಮೇಲೆ ಜಗಳ ಆಡ್ತಾರೆ. ಅಪಾಯ ಇರುವುದು ಅಂಕಿಯಲ್ಲಿ, ಆ '7 ವರ್ಷ'ದಲ್ಲಿ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಸಂಹಿತೆ) 173(3) ಪ್ರಕಾರ 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ದೂರು ಬಂದರೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ, ಮೇಲ್ನೋಟಕ್ಕೆ ಕೇಸು ಇದೆಯಾ ಅಂತ ನೋಡಬಹುದು. 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಒಂದು ಕವಿತೆಯ ಮೇಲಿನ ಎಫ್‌ಐಆರ್ ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದುಕೊಂಡಿತು: ಮಾತಿನ ಅಪರಾಧದಲ್ಲಿ ಈ ವಿಚಾರಣೆ ಮಾಡುವುದೇ ಸೂಕ್ತ, ಮಾತನ್ನು ಗಟ್ಟಿ ಮನಸ್ಸಿನ, ವಿವೇಕಿ ಮನುಷ್ಯನ ಅಳತೆಯಲ್ಲಿ ನೋಡಬೇಕು, ಎಲ್ಲದಕ್ಕೂ ಬೆಚ್ಚಿಬೀಳುವವನ ಅಳತೆಯಲ್ಲಿ ಅಲ್ಲ ಅಂತ. ಬಿಎನ್‌ಎಸ್ 196ಕ್ಕೆ, ಅಂದರೆ ಹಳೇ 153ಎಗೆ, ಗರಿಷ್ಠ 3 ವರ್ಷ (ಪೂಜಾ ಸ್ಥಳದಲ್ಲಾದರೆ 5), 299ಕ್ಕೆ 3, ಎರಡೂ ಈ ಕಿಂಡಿಯೊಳಗೆ ಬರುತ್ತವೆ. ಗರಿಷ್ಠ 7 ಅಂದರೆ 'ಏಳಕ್ಕಿಂತ ಕಡಿಮೆ' ಅಲ್ಲ. ಕಿಂಡಿ ಮುಚ್ಚಿತು. ದೂರು ಬಂತು, ಎಫ್‌ಐಆರ್ ಬಿತ್ತು.

ಇನ್ನೂ ಒಂದು ವಿಚಿತ್ರ. ವಿಚಾರಣೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ಅಂತಿದೆ. ಅವರು ಕೊಡಬಹುದಾದ ಜೈಲು ಶಿಕ್ಷೆ 3 ವರ್ಷ ಮಾತ್ರ. ಅದಕ್ಕಿಂತ ಹೆಚ್ಚು ಬೇಕು ಅನ್ನಿಸಿದರೆ ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಅವರಿಗೆ ಕಳಿಸಬೇಕು. ಏಳು ವರ್ಷ ಅನ್ನುವುದು ಶಿಕ್ಷೆಗೆ ಬರೆದದ್ದೋ ಹೆದರಿಕೆಗೆ ಬರೆದದ್ದೋ ನೀವೇ ಹೇಳಿ.

ಗಾಡಿಕೊಪ್ಪ
173(3) ವಿಷಯ ಒಪ್ಪಿದೆ, ಅದು ಗಂಭೀರ. ಹಾಗಾದರೆ ಶಿಕ್ಷೆಯನ್ನು 5 ವರ್ಷಕ್ಕೆ ಇಳಿಸಿ ಅನ್ನಿ. ಕಾನೂನೇ ಬೇಡ ಅನ್ನುವುದಕ್ಕೆ ಅದು ಕಾರಣವಲ್ಲವಲ್ಲ.

ಕೋರ್ಟ್ ಕಟ್ಟೆ
ನಾನು ಕಾನೂನೇ ಬೇಡ ಅನ್ನುವವನಲ್ಲ ಮೇಡಂ, ಈ ಕರಡು ಬೇಡ ಅನ್ನುವವನು. ಇಳಿಸಿದರೆ ಅರ್ಧ ಜಗಳ ಮುಗೀತು.

ತುಂಗಾತೀರ
ನನ್ನ ಅರ್ಧ ಮುಗಿಯಲ್ಲ.

ಗಾಡಿಕೊಪ್ಪ ಅವರು ಬೋರ್ಡೋ ಉದಾಹರಣೆ ಕೊಟ್ಟರು, ಚೆನ್ನಾಗಿದೆ, ಅದನ್ನೇ ಮುಂದುವರಿಸುತ್ತೇನೆ. ಒಂದು ಕೆ.ಜಿ. ಮೈಲುತುತ್ತಕ್ಕೆ ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಸುಣ್ಣ ಕಮ್ಮಿಯಾದರೆ ದ್ರಾವಣ ಹುಳಿಯಾಗಿ ಗಿಡವನ್ನೇ ಸುಡುತ್ತೆ. ಅದಕ್ಕೇ ಹೊಡೆಯುವ ಮೊದಲು ಕತ್ತಿ ಅದ್ದಿ ನೋಡುವುದು, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ. ಮಾತಿನ ಕಾನೂನಿಗೆ ಆ ಸುಣ್ಣ ಅಂದರೆ 'ಮಾತಿಗೂ ಹಿಂಸೆಗೂ ನೇರ ಸಂಬಂಧ ತೋರಿಸು' ಅನ್ನುವ ಷರತ್ತು. ಆ ಷರತ್ತು ಎಲ್ಲಿಂದ ಬಂತು? 1960ರಲ್ಲಿ ರಾಮಮನೋಹರ ಲೋಹಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು. ನೀರಾವರಿ ದರ ಏರಿಸಿದಾಗ ಕಟ್ಟಬೇಡಿ ಅಂತ ರೈತರಿಗೆ ಕರೆ ಕೊಟ್ಟರು ಅಂತ ಉತ್ತರ ಪ್ರದೇಶದಲ್ಲಿ ಅವರನ್ನು ಬಂಧಿಸಿದ್ದರು. ಈ ಮಾತೇ ಮುಂದೆ ಕಿಡಿಯಾಗಿ ಕ್ರಾಂತಿ ಆಗಬಹುದು ಅಂತ ಸರ್ಕಾರ ವಾದ ಮಾಡಿತು. ದೂರದ, ಊಹೆಯ ಸಂಬಂಧ ಸಾಲದು ಅಂತ ಕೋರ್ಟ್ ಆ ಕಲಮನ್ನೇ ಹೊಡೆದುಹಾಕಿತು.

ಇದೇ ಲೋಹಿಯಾ 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಸಾಗರಕ್ಕೆ ಬಂದು ಬಂಧನಕ್ಕೆ ಒಳಗಾದವರು. ಗೇಣಿದಾರರು ಒಡೆಯರ ಬಗ್ಗೆ ಆಗ ಆಡಿದ ಮಾತು 'ಸಾಮರಸ್ಯ'ದ ಮಾತಾಗಿತ್ತಾ? ಈ ವ್ಯಾಖ್ಯೆ ಆವತ್ತು ಇದ್ದಿದ್ದರೆ ಗೇಣಿ ಅಳೆಯುವ ಕೊಳಗದ ಮೋಸ ಹೇಳಿದವರೇ ಮೊದಲ ಆರೋಪಿಗಳು.

ಗಾಡಿಕೊಪ್ಪ
ಇಲ್ಲಿ ತಪ್ಪಿದಿರಿ. ವಿಧೇಯಕದ ಪಟ್ಟಿಯಲ್ಲಿ ಧರ್ಮ, ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಲೈಂಗಿಕ ದೃಷ್ಟಿ, ಹುಟ್ಟಿದ ಊರು, ವಾಸ, ಭಾಷೆ, ಅಂಗವೈಕಲ್ಯ, ಬುಡಕಟ್ಟು ಇವೆ. ಒಡೆಯ, ಗೇಣಿದಾರ ಅನ್ನುವ ವರ್ಗ ಇಲ್ಲ. ಕಾಗೋಡು ಇದಕ್ಕೆ ಸಿಕ್ಕುವುದಿಲ್ಲ.

ಭದ್ರೆ ಬಂಡೆ
ಸಿಗುತ್ತೆ ಅಕ್ಕ. ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಒಡೆಯರು ಬೇರೆ ಜಾತಿ. ಮಲೆನಾಡಿನಲ್ಲಿ ಜಮೀನಿನ ಬಗ್ಗೆ ಬಾಯಿ ತೆಗೆದರೆ ಎರಡನೇ ವಾಕ್ಯಕ್ಕೆ ಜಾತಿಯ ಹೆಸರು ಬಂದೇ ಬರುತ್ತೆ. ಬಂತು ಅಂದ್ರೆ ನಿಮ್ಮ ಪಟ್ಟಿಯೊಳಗೆ ಬಿದ್ದ ಹಾಗೆ.

ನಾನು ಇಬ್ಬರಿಗೂ ಪೂರ್ತಿ ಸೇರಲ್ಲ. ನಮಗೆ ಮಾತಿನ ಕಾನೂನು ಬೇಕು. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರಲ್ಲಿ 3(1)(ಆರ್) ಸಾರ್ವಜನಿಕ ನೋಟಕ್ಕೆ ಬೀಳುವ ಜಾಗದಲ್ಲಿ ಅವಮಾನಿಸಿದ್ದಕ್ಕೆ, 3(1)(ಎಸ್) ಜಾತಿ ಹೆಸರು ಹಿಡಿದು ಬೈದದ್ದಕ್ಕೆ, 3(1)(ಯು) ಪರಿಶಿಷ್ಟರ ವಿರುದ್ಧ ದ್ವೇಷ ಹರಡಿದ್ದಕ್ಕೆ. ಆರು ತಿಂಗಳಿಂದ ಐದು ವರ್ಷ. ನಿರೀಕ್ಷಣಾ ಜಾಮೀನಿಗೆ 18ನೇ ಕಲಂ ಅಡ್ಡ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ. ಕೆಲಸ ಮಾಡುತ್ತಾ? ಅರೆಬರೆ. ನಾಲ್ಕು ಗೋಡೆ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದರೆ 'ಸಾರ್ವಜನಿಕ ನೋಟ' ಅಲ್ಲ ಅಂತ 2020ರ ಹಿತೇಶ್ ವರ್ಮಾ ತೀರ್ಪಿನಲ್ಲಿ ಬಂತು. ಅಲ್ಲಿಂದ ಸಾಕ್ಷಿಯ ಜಾಗವೇ ಮೊದಲ ಜಗಳ: ಜಗಲಿಯೋ, ಒಳಗೋ, ರಸ್ತೆಗೆ ಕಾಣುತ್ತಿತ್ತೋ ಇಲ್ಲವೋ. ಆದರೂ ಆ ಕಾಯ್ದೆಗೆ ಒಂದು ದಿಕ್ಕಿದೆ. ಆರೋಪಿ ಪರಿಶಿಷ್ಟ ಜಾತಿ, ಪಂಗಡದವನಾಗಿರುವ ಹಾಗಿಲ್ಲ. ಮೇಲಿಂದ ಕೆಳಕ್ಕೆ ಬಿದ್ದ ಮಾತಿಗೆ ಮಾತ್ರ ಅದು.

ಹೊಸ ವಿಧೇಯಕಕ್ಕೆ ದಿಕ್ಕಿಲ್ಲ. ಎರಡೂ ಕಡೆಗೆ ಒಂದೇ ತಕ್ಕಡಿ. ತಕ್ಕಡಿ ಹಿಡಿದವನು ಯಾರು ಅನ್ನುವುದು ಊರಿಗೆ ಗೊತ್ತು. 1936ರಲ್ಲಿ ಜಾತಿ ಒಡೆಯುತ್ತೇವೆ ಅಂತ ಹೆಸರಿಟ್ಟುಕೊಂಡ ಲಾಹೋರಿನ ಮಂಡಲವೇ ಅಂಬೇಡ್ಕರ್ ಭಾಷಣ ನೋಡಿ ಹೆದರಿ ಸಮ್ಮೇಳನ ರದ್ದು ಮಾಡಿತು. ಸುಧಾರಕರೇ ತಡೆದುಕೊಳ್ಳದ ಮಾತನ್ನು ಸಬ್‌ಇನ್ಸ್‌ಪೆಕ್ಟರ್ ತಡೆದುಕೊಳ್ತಾನಾ? ಬ್ರಿಟನ್ನಿನಲ್ಲಿ ಕಪ್ಪು ಜನರನ್ನು ಕಾಯುತ್ತೇವೆ ಅಂತ 1965ರಲ್ಲಿ ಜನಾಂಗ ಸಂಬಂಧ ಕಾಯ್ದೆ ತಂದರು. 1967ರಲ್ಲಿ ಅದರಡಿ 12 ತಿಂಗಳು ಜೈಲಿಗೆ ಹೋದವನು ಮೈಕೆಲ್ ಎಕ್ಸ್, ಕಪ್ಪು ಮನುಷ್ಯ, ಬಿಳಿಯರ ವಿರುದ್ಧ ಮಾತಾಡಿದ ಅಂತ. ಆತ ಸಂಭಾವಿತನೇನಲ್ಲ. ಆದರೂ ಕೊಡಲಿ ಯಾವ ಮರಕ್ಕೂ ಬಿತ್ತು ನೋಡಿ.

ತೀರ್ಥಳ್ಳಿ ಎಕ್ಸ್‌ಪ್ರೆಸ್
[ನಿರ್ವಾಹಕರು ಈ ಪ್ರತಿಕ್ರಿಯೆಯನ್ನು ತೆಗೆದಿದ್ದಾರೆ]

ನಿರ್ವಾಹಕ
ಎಕ್ಸ್‌ಪ್ರೆಸ್ ಅವರೇ, ವಾದ ಎಷ್ಟು ಬೇಕಾದರೂ ಮಾಡಿ. ಜಾತಿ ಎತ್ತಿ ಬೈಯುವುದು ಇಲ್ಲಿ ಇಲ್ಲ. ಒಂದು ವಾರ ಓದಲು ಮಾತ್ರ ಅವಕಾಶ.

ಸೊರಬ ಮೇಷ್ಟ್ರು
ತುಂಗಾತೀರರೇ, ಈಗ ಎಂತ ಹೇಳ್ತೀರಿ? ವಾಕ್ ಸ್ವಾತಂತ್ರ್ಯದ ಚರ್ಚೆಯಲ್ಲೇ ಕತ್ತರಿ ಬಿತ್ತು. ನಿಮಗೆ ಖುಷಿಯೋ ಬೇಜಾರೋ?

ತುಂಗಾತೀರ
ಖುಷಿ ಮೇಷ್ಟ್ರೇ, ಮುಚ್ಚಿಡಲ್ಲ. ತೆಗೆಯದಿದ್ದರೆ ನಾನೇ ಕೇಳುತ್ತಿದ್ದೆ. ಜಗಲಿ ಮೇಲೆ ಕೂತು ಹೊಲಸು ಮಾತಾಡಿದವನನ್ನು ಮನೆಯವರು ಇಳಿಸಿದರು, ಅವನು ಎದುರು ರಸ್ತೆಯಲ್ಲಿ ನಿಂತು ಮಾತಾಡಲಿ. ಅವನ ಮನೆಗೆ ಜೀಪು ಹೋಗಲಿಲ್ಲ. ನಾನು ಕೇಳುವುದು ಆ ವ್ಯತ್ಯಾಸ ಒಂದನ್ನೇ.

ಗಾಡಿಕೊಪ್ಪ
ಸರಿ, ಜಗಲಿ ಬಿಡಿ, ಬೀದಿಗೇ ಬನ್ನಿ. 2022ರ ಮಾರ್ಚ್‌ನಲ್ಲಿ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಇಲ್ಲ ಅಂತಾಯಿತು. ಯಾರೂ 'ಹೊಡೆಯಿರಿ' ಅನ್ನಲಿಲ್ಲ. 'ಅವರ ಹತ್ತಿರ ಕೊಳ್ಳಬೇಡಿ' ಅಂದರು, ಅಷ್ಟೇ. ಬಳೆ, ಆಟಿಕೆ, ಮಂಡಕ್ಕಿ ಮಾರುವವರ ವರ್ಷದ ದೊಡ್ಡ ದುಡಿಮೆ ಹೋಯಿತು. ನಿಮ್ಮ 'ನೇರ ಹಿಂಸೆಗೆ ಕರೆ' ಅನ್ನುವ ಜರಡಿಯಲ್ಲಿ ಈ ಮಾತು ಸಲೀಸಾಗಿ ಇಳಿದುಹೋಗುತ್ತೆ. ಇದಕ್ಕೆ ಉತ್ತರ ಹೇಳದೆ ಲೋಹಿಯಾ ಕತೆ ಹೇಳಬೇಡಿ.

ತುಂಗಾತೀರ
ಇದು ನಿಜಕ್ಕೂ ಕಷ್ಟದ ಪ್ರಶ್ನೆ. ನನ್ನ ನಿಲುವಿಗೆ ಇಲ್ಲಿ ಬೆಲೆ ತೆರಬೇಕಾಗುತ್ತೆ, ತೆರುವವನು ನಾನಲ್ಲ ಅನ್ನುವುದೂ ಗೊತ್ತು.

ಆದರೂ ಒಂದು ನೋಡಿ. ಆವತ್ತು ಮಳಿಗೆ ತಪ್ಪಿಸಿದ್ದು ಭಾಷಣವಾ? ಒತ್ತಡ ತಂದದ್ದು ಭಾಷಣ, ನಿಜ. ಆಮೇಲೆ ಸರ್ಕಾರ ಸಮರ್ಥನೆಗೆ ಎತ್ತಿ ತೋರಿಸಿದ್ದು ತನ್ನದೇ ನಿಯಮ: 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮಗಳ 31(12). ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅನ್ನುವ ಉಪನಿಯಮ. ಅದು ಸ್ಥಿರಾಸ್ತಿಯ ಗುತ್ತಿಗೆಯದ್ದು. ಐದು ದಿನದ ಜಾತ್ರೆಯ ತಾತ್ಕಾಲಿಕ ಮಳಿಗೆಗೆ ಅದನ್ನು ಎಳೆದು ತಂದದ್ದೇ ತಪ್ಪು. ಭಾಷಣ ಮಾಡಿದವನನ್ನು ಏಳು ವರ್ಷ ಒಳಗಿಟ್ಟರೂ ಆ ನಿಯಮ ಹಾಗೇ ಇರುತ್ತೆ, ಮುಂದಿನ ಜಾತ್ರೆಗೂ ಮಳಿಗೆ ಸಿಗಲ್ಲ. ಏಟು ಬೀಳಬೇಕಾದ್ದು ಕೃತ್ಯಕ್ಕೆ: ಮಳಿಗೆ ಹರಾಜಿನಲ್ಲಿ ಧರ್ಮ ನೋಡುವ ಹಾಗಿಲ್ಲ, ಉಪನಿಯಮ ತಿದ್ದಬೇಕು. ಬಹಿಷ್ಕಾರ ಹೇರುವುದನ್ನೇ ಅಪರಾಧ ಮಾಡಬೇಕು ಅಂದರೂ ಅದಕ್ಕೆ ಮಾದರಿ ಇದೆ. ಮಹಾರಾಷ್ಟ್ರದ 2016ರ ಸಾಮಾಜಿಕ ಬಹಿಷ್ಕಾರ ಕಾಯ್ದೆ ಕೃತ್ಯವನ್ನು ಪಟ್ಟಿ ಮಾಡಿ ಹಿಡಿಯುತ್ತೆ, ಭಾವನೆಯನ್ನಲ್ಲ.

ಗಾಡಿಕೊಪ್ಪ
ಉಪನಿಯಮದ ಮಾತು ಒಪ್ಪಿದೆ. ಆದರೆ ಉಪನಿಯಮ 2002ರಿಂದಲೂ ಕಪಾಟಿನಲ್ಲಿತ್ತು. ಅದನ್ನು ಕಪಾಟಿನಿಂದ ಇಳಿಸಿದ್ದು ಮೈಕು.

ಸೊರಬ ಮೇಷ್ಟ್ರು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಎದುರಿನದ್ದೂ ಒಂದಿದೆ. 2010ರ ಮಾರ್ಚ್ 1, ಇದೇ ಊರು. ತಸ್ಲೀಮಾ ನಸ್ರೀನ್ ಅವರದ್ದು ಅಂತ ಬುರ್ಖಾ ಬಗ್ಗೆ ಒಂದು ಲೇಖನದ ಅನುವಾದ ಕನ್ನಡ ಪತ್ರಿಕೆಯಲ್ಲಿ ಬಂತು. ಶಿವಮೊಗ್ಗ, ಹಾಸನದಲ್ಲಿ ಗಲಭೆ, ಇಬ್ಬರು ಸತ್ತರು, ಕರ್ಫ್ಯೂ. ಆ ಪತ್ರಿಕೆಗೆ ನಾನು ಬರೆದೇ ಇಲ್ಲ ಅಂತ ಆಕೆ ಹೇಳಿದರು. 'ಅಸಾಮರಸ್ಯ' ಅಳೆಯುವುದು ಆಮೇಲೆ ಬಿದ್ದ ಕಲ್ಲಿನಿಂದ ಅಂತಾದರೆ ಕಲ್ಲು ಹೊಡೆಯುವವನೇ ನ್ಯಾಯಾಧೀಶ. ಜಾಸ್ತಿ ಕಲ್ಲು ಬಿದ್ದಷ್ಟೂ ಬರೆದವನ ಅಪರಾಧ ದೊಡ್ಡದು! ಪುಸ್ತಕದ ವಿಷಯದಲ್ಲಿ ನಾವು ಇದನ್ನೇ ನೋಡಿದ್ದು. ಪಿ.ವಿ. ನಾರಾಯಣ ಅವರ 'ಧರ್ಮಕಾರಣ'ಕ್ಕೆ ಅಕಾಡೆಮಿ ಬಹುಮಾನವೂ ಬಂದಿತ್ತು, ಆಮೇಲೆ ಸರ್ಕಾರ ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನ ತನಕ ಹೋದರು, 2007ರಲ್ಲಿ ಸೋತರು. ಕಾದಂಬರಿ, ಅದೂ ಹನ್ನೆರಡನೇ ಶತಮಾನದ ವಸ್ತು.

ಕೋರ್ಟ್ ಕಟ್ಟೆ
ಆ ಮುಟ್ಟುಗೋಲು ಸಿಆರ್‌ಪಿಸಿ 95 ಅಡಿ, ಈಗ ಬಿಎನ್‌ಎಸ್‌ಎಸ್ 98. ಆದೇಶದಲ್ಲಿ ಸರ್ಕಾರ ತನ್ನ ಅಭಿಪ್ರಾಯಕ್ಕೆ ಕಾರಣ ಬರೆಯಲೇಬೇಕು; ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳುತ್ತೆ. ಪುಸ್ತಕಕ್ಕೆ ಇಷ್ಟು ಕಾವಲು ಇದೆ. ಹೊಸ ವಿಧೇಯಕದಲ್ಲಿ ಒಬ್ಬ 'ಗೊತ್ತುಪಡಿಸಿದ ಅಧಿಕಾರಿ' ಇಂಟರ್‌ನೆಟ್ಟಿನಲ್ಲಿರುವುದನ್ನು ತೆಗೆಯಿರಿ ಅಂತ ನೇರ ಕಂಪನಿಗಳಿಗೇ ಹೇಳಬಹುದು.

ಈಗ ತುಂಗಾತೀರರ ಪರವಾಗಿ ಒಂದು, ವಿರುದ್ಧವಾಗಿ ಒಂದು.

ಪರ: ಗುಂಪಿಗೆ ಹಿಂಸೆ ಮಾಡಿ ಅಂತ ಕರೆ ಕೊಡುವವನಿಗೆ ಎಲ್ಲರೂ 196 ಹಾಕಿ ಅಂತ ಅರ್ಜಿ ಬರೆಯುತ್ತಾರೆ. ಅದು ತಪ್ಪು ಕಲಂ. 196, 299 ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಬಿಎನ್‌ಎಸ್‌ಎಸ್ 217 ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು. ಎಫ್‌ಐಆರ್‌ಗೂ ತನಿಖೆಗೂ ಬೇಡ, ಆದರೆ ಅನುಮತಿ ಪತ್ರ ಇಲ್ಲದ ಚಾರ್ಜ್‌ಶೀಟ್ ಅಲ್ಲೇ ನಿಲ್ಲುತ್ತೆ. ಗೃಹ ಇಲಾಖೆಯ ಮೇಜಿನ ಮೇಲೆ ಕಡತ ಕೂತಿರುತ್ತೆ, ಆಳುವವರಿಗೆ ಬೇಕಾದವನದಾದರೆ ಇನ್ನೂ ಆರಾಮಾಗಿ. 353(2)ಕ್ಕಾದರೆ (ದ್ವೇಷ ಹುಟ್ಟಿಸುವ ಸುಳ್ಳು, ವದಂತಿ) ಜಿಲ್ಲಾಧಿಕಾರಿಯೂ ಅನುಮತಿ ಕೊಡಬಹುದು, ಇದು ಬಹಳ ವಕೀಲರಿಗೇ ನೆನಪಿರಲ್ಲ. ಸಾರ್ವಜನಿಕರನ್ನು ಅಥವಾ ಹತ್ತಕ್ಕಿಂತ ಹೆಚ್ಚು ಜನರನ್ನು ಅಪರಾಧಕ್ಕೆ ಪ್ರಚೋದಿಸಿದರೆ ಬಿಎನ್‌ಎಸ್ 57 ಇದೆ, 7 ವರ್ಷದ ತನಕ. ಐಪಿಸಿ 117 ಆಗಿದ್ದಾಗ 3 ವರ್ಷ ಇತ್ತು. ಅದು 217ರ ಪಟ್ಟಿಯಲ್ಲೇ ಇಲ್ಲ, ಅನುಮತಿಯ ಗೋಜಿಲ್ಲ. ಅಂದರೆ ನಿಜವಾದ ಪ್ರಚೋದನೆಗೆ ಈಗಲೇ ಕತ್ತಿ ಇದೆ, ಒರೆಯಿಂದ ತೆಗೆಯುವವರಿಲ್ಲ.

ವಿರುದ್ಧ: ಈಗಿರುವುದನ್ನು ಬಳಸಿ ಅಂತ ಹೇಳುವುದು ಸುಲಭ. ಬಳಸಿದ್ದನ್ನೂ ವಾಪಸ್ ತೆಗೀತಾರೆ. 2020ರ ಆಗಸ್ಟ್‌ನಲ್ಲಿ ಒಂದು ಪಕ್ಷದ ಸರ್ಕಾರ ಅರವತ್ತಕ್ಕೂ ಹೆಚ್ಚು ಪ್ರಕರಣ ವಾಪಸ್ ಪಡೆಯಲು ಆದೇಶ ಮಾಡಿತು, ಹೈಕೋರ್ಟ್ ತಡೆಯಿತು. 2024ರ ಅಕ್ಟೋಬರಿನಲ್ಲಿ ಇನ್ನೊಂದು ಪಕ್ಷದ ಸರ್ಕಾರ 43 ಪ್ರಕರಣ ವಾಪಸ್ ಅಂದಿತು, 2025ರ ಮೇನಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಬಿಎನ್‌ಎಸ್‌ಎಸ್ 360ರಲ್ಲಿ ವಾಪಸಾತಿ ಸರ್ಕಾರಿ ಅಭಿಯೋಜಕರ ಸ್ವಂತ ತೀರ್ಮಾನ, ಸಂಪುಟದ್ದಲ್ಲ, ಪುಸ್ತಕದಲ್ಲಿ ಮಾತ್ರ.

ತುಂಗಾತೀರ
ನೀವು 'ವಿರುದ್ಧ' ಅಂತ ಬರೆದದ್ದೂ ನನ್ನ ಪರವೇ ಸಾರ್. ಇರುವ ಕಾನೂನನ್ನೇ ತಮ್ಮವರಿಗೆ ಒಂದು, ಬೇರೆಯವರಿಗೆ ಒಂದು ಅಂತ ಬಳಸುವ ಕೈಗೆ ಇನ್ನೂ ಅಗಲವಾದದ್ದು ಯಾಕೆ?

ಗಾಡಿಕೊಪ್ಪ
ಈ ತರ್ಕ ಹಿಡಿದರೆ ವರದಕ್ಷಿಣೆ ಕಾನೂನೂ ಬೇಡ, ದೌರ್ಜನ್ಯ ಕಾಯ್ದೆಯೂ ಬೇಡ. ಎಲ್ಲವೂ ದುರುಪಯೋಗ ಆಗಿವೆ, ಎಲ್ಲದರಲ್ಲೂ ಬಲ್ಲಿದರು ತಪ್ಪಿಸಿಕೊಂಡಿದ್ದಾರೆ.

ತುಂಗಾತೀರ
ವರದಕ್ಷಿಣೆಯಲ್ಲಿ ದುಡ್ಡು ಕೈ ಬದಲಾಯಿತೋ ಇಲ್ಲವೋ ಅಂತ ಸಾಕ್ಷಿ ಹೇಳಬಹುದು. 'ಕೆಟ್ಟ ಭಾವನೆ'ಗೆ ಸಾಕ್ಷಿ ಯಾರು? ಅಂತರ್ಜಾಲದಲ್ಲಿ ಕಿರಿಕಿರಿಯ ಮಾತಿಗೂ ಜೈಲು ಅಂತಿದ್ದ ಐಟಿ ಕಾಯ್ದೆಯ 66ಎ ಬಿದ್ದದ್ದೇ ಇದಕ್ಕೆ. 2015ರ ಮಾರ್ಚ್ 24, ಶ್ರೇಯಾ ಸಿಂಘಾಲ್ ತೀರ್ಪು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಮೂರು ಮೆಟ್ಟಿಲು ಮಾಡಿ, ಮೂರನೆಯದಕ್ಕೆ ಬಂದಾಗ ಮಾತ್ರ ಕೈ ಹಾಕಿ ಅಂದರು. ಹೊಡೆದುಹಾಕಿದ ಕಲಮಿನಡಿ ಆಮೇಲೂ ವರ್ಷಗಟ್ಟಲೆ ಕೇಸು ಹಾಕುತ್ತಲೇ ಇದ್ದರು, ಇನ್ನು ಹಾಕಬೇಡಿ ಅಂತ 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು. ಸತ್ತ ಕಲಮನ್ನೇ ಬಿಡದವರು ಜೀವಂತ ಇರುವುದನ್ನು ಬಿಡ್ತಾರಾ?

ಭದ್ರೆ ಬಂಡೆ
ಒಂದು ಮಾತು ಅಣ್ಣ. ನೀವು ಹೆಸರು ಹಿಡಿದು ಖಂಡಿಸಬೇಕು, ಸುಳ್ಳು ಬಿಚ್ಚಿಡಬೇಕು ಅಂತ ಶುರು ಮಾಡಿದ್ರಿ. ಖಂಡಿಸುವ ಕೆಲಸ ಯಾರದ್ದು? ಬೈಸಿಕೊಂಡವನದ್ದೇ ಅಂತಾದರೆ ಅದು ಸ್ವಾತಂತ್ರ್ಯ ಅಲ್ಲ, ಎರಡು ಪಾಳಿ ದುಡಿಮೆ. ಬೈದವನ ಜಾತಿಯವರು, ಧರ್ಮದವರು ಮೊದಲು ಎದ್ದು ನಿಲ್ಲಬೇಕು. ನಿಮ್ಮ ನಿಲುವಿನವರು ಕಾನೂನಿನ ವಿರುದ್ಧ ಹತ್ತು ಲೇಖನ ಬರೀತಾರೆ, ಭಾಷಣದ ವಿರುದ್ಧ ಒಂದು. ಆ ಲೆಕ್ಕ ನೋಡಿಯೇ ಜನಕ್ಕೆ ಅನುಮಾನ ಬರುವುದು.

ತುಂಗಾತೀರ
ತಗೊಂಡೆ. ಸಮರ್ಥನೆ ಇಲ್ಲ.

ಗಾಡಿಕೊಪ್ಪ
ಕೋರ್ಟ್ ಕಟ್ಟೆಯವರೇ, ವಾದ ಸಾಕು. ಮೆರವಣಿಗೆ ಇದೆ, ಹೋದ ಕಡೆಯೆಲ್ಲ ಬೆಂಕಿ ಹಚ್ಚುವ ಹೊರ ಜಿಲ್ಲೆಯ ಭಾಷಣಕಾರನ ಹೆಸರು ಬ್ಯಾನರ್‌ನಲ್ಲಿದೆ ಅಂತಿಟ್ಟುಕೊಳ್ಳಿ. 2023ರ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಕಲ್ಲು ಬಿದ್ದಾದ ಮೇಲೆ ನಿಷೇಧಾಜ್ಞೆ ಬಂತು. ಮೊದಲೇ ಏನು ಮಾಡಬಹುದು, ಹೊಸ ಕಾನೂನು ಇಲ್ಲದೆ?

ಕೋರ್ಟ್ ಕಟ್ಟೆ
ಎರಡು ದಾರಿ. ಮೊದಲನೆಯದು ಬಿಎನ್‌ಎಸ್‌ಎಸ್ 163, ಹಳೇ 144. ಇಡೀ ಊರಿಗೆ ಹಾಕಬೇಕಾಗಿಲ್ಲ, ಒಬ್ಬ ವ್ಯಕ್ತಿಗೂ ಹಾಕಬಹುದು. 2003ರಲ್ಲಿ ಪ್ರವೀಣ್ ತೊಗಾಡಿಯಾ ಮಂಗಳೂರಿಗೆ ಬರದಂತೆ ಮಾಡಿದ್ದ ಆದೇಶವನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಸರ್ಕಾರ ವಿಸ್ತರಿಸದಿದ್ದರೆ ಆದೇಶ ಎರಡು ತಿಂಗಳಿಗಿಂತ ಹೆಚ್ಚು ನಿಲ್ಲಲ್ಲ. ಬಹಳ ಆದೇಶ ಬೀಳುವುದು ಒಂದೇ ಕಾರಣಕ್ಕೆ: 'ಶಾಂತಿ ಭಂಗವಾಗುವ ಸಂಭವ' ಅಂತ ಒಂದು ಸಾಲು ಬರೆದು ಸಹಿ ಹಾಕಿರುತ್ತಾರೆ. ಎಲ್ಲಿ, ಯಾವ ದಿನ, ಯಾವ ಭಾಷಣದ ನಂತರ ಏನಾಯಿತು ಅನ್ನುವ ಸಂಗತಿಗಳು ಆದೇಶದೊಳಗೇ ಇರಬೇಕು, ಆದೇಶ ಪ್ರಕಟವೂ ಆಗಬೇಕು. 2020ರ ಅನುರಾಧಾ ಭಸೀನ್ ತೀರ್ಪು ನೋಡಿ.

ಎರಡನೆಯದು ಯಾರೂ ಮುಟ್ಟದ್ದು, ಬಿಎನ್‌ಎಸ್‌ಎಸ್ 127. ಹಳೇ 108. 196, 299ರ ಸ್ವರೂಪದ ಮಾತನ್ನು ಬೇಕೆಂದೇ ಹರಡುತ್ತಿರುವವನಿಂದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಒಂದು ವರ್ಷದ ತನಕ ಸನ್ನಡತೆ ಬಾಂಡ್ ಬರೆಸಿಕೊಳ್ಳಬಹುದು. ನಮ್ಮಲ್ಲಿ ಉಪವಿಭಾಗ ಎರಡು, ಶಿವಮೊಗ್ಗ ಮತ್ತು ಸಾಗರ. ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ, ನಕಲು ಎಸ್‌ಪಿ ಕಚೇರಿಗೆ. ಮೊದಲು 130ರಡಿ ಲಿಖಿತ ಆದೇಶ, ಆಮೇಲೆ ವಿಚಾರಣೆ. ಶುರುವಾಗಿ ಆರು ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು, ತಾನಾಗೇ ಬಿದ್ದುಹೋಗುತ್ತೆ, ಬಹುತೇಕ ಹಾಗೇ ಬೀಳುತ್ತೆ.

ಅರ್ಜಿ ಜೊತೆ ವಾಟ್ಸ್ಆಪ್‌ನಲ್ಲಿ ಬಂದ 30 ಸೆಕೆಂಡಿನ ತುಂಡು ಹಾಕಬೇಡಿ. ಪೂರ್ತಿ ಭಾಷಣ ಬೇಕು. ಹಿಂದೆಮುಂದೆ ಕತ್ತರಿಸಿದ್ದಾರೆ ಅನ್ನುವುದೇ ಎದುರು ವಕೀಲರ ಮೊದಲ ವಾದ. ಕೊಂಡಿ, ಡೌನ್‌ಲೋಡ್ ಮಾಡಿದ ದಿನ, ಸಮಯ, ಯಾವ ಸಾಧನದಲ್ಲಿ ಅಂತ ಬರೆದಿಡಿ. ಮೂಲ ಕಡತವನ್ನು ಮತ್ತೆ ಸೇವ್ ಮಾಡಬೇಡಿ, ಫಾರ್ವರ್ಡ್ ಮಾಡಿದ್ದನ್ನು ಮೂಲ ಅನ್ನಬೇಡಿ. ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ ಬೇಕು: ಭಾಗ ಎ ನೀವು ತುಂಬುವುದು, ಭಾಗ ಬಿ ತಜ್ಞರದ್ದು, ಎರಡರಲ್ಲೂ ಹ್ಯಾಶ್ ಮೌಲ್ಯ (ಕಡತದ ಡಿಜಿಟಲ್ ಬೆರಳಚ್ಚು) ಒಂದೇ ಇರಬೇಕು. ಭಾಷಣದ ಲಿಪ್ಯಂತರವನ್ನು ಆಡಿದ ಹಾಗೇ ಬರೆಯಿರಿ, ನಿಮ್ಮ ಭಾಷೆಗೆ ತಿದ್ದಬೇಡಿ.

ತುಂಗಾತೀರ
163 ಒಬ್ಬನಿಗೆ, ಒಂದು ದಿನಕ್ಕೆ, ಕಾರಣ ಬರೆದು ಅಂದರೆ ನನ್ನ ತಕರಾರಿಲ್ಲ. 127ಕ್ಕೆ ಇದೆ. ಮಾತು ಸರಿಯೋ ತಪ್ಪೋ ಅಂತ ಎಸಿ ತೀರ್ಮಾನ ಮಾಡುವುದು, ವರ್ಷದ ತನಕ ಬಾಂಡ್ ಹಾಕುವುದು, ಬಾಂಡ್ ಕೊಡದಿದ್ದರೆ ಜೈಲು. ಅದೂ ಅದೇ ಕೊಳಗ.

ಗಾಡಿಕೊಪ್ಪ
ನಿಮ್ಮ ತಕರಾರು ನಿಮ್ಮ ಹತ್ತಿರ ಇರಲಿ, ಅರ್ಜಿ ನಾನು ಬರೆಯುತ್ತೇನೆ. ಕಟ್ಟೆಯವರೇ, ಭಾಗ ಬಿ ತಜ್ಞರು ಅಂದಿರಲ್ಲ. ಕಂಪ್ಯೂಟರ್ ಗೊತ್ತಿರುವ ಯಾರು ಬೇಕಾದರೂ ಆಗುತ್ತಾ, ಸರ್ಕಾರ ಗೊತ್ತುಪಡಿಸಿದವರೇ ಬೇಕಾ?

ಕೋರ್ಟ್ ಕಟ್ಟೆ
ಕಲಮಿನಲ್ಲಿ 'ತಜ್ಞ' ಅಂತ ಮಾತ್ರ ಇದೆ. ಎಸಿ ಮುಂದೆ ಅರ್ಜಿಗೆ ಇವತ್ತು ಭಾಗ ಎ ಮತ್ತು ಹ್ಯಾಶ್ ಇಟ್ಟರೆ ನಡೆಯುತ್ತೆ. ಕೇಸು ಮುಂದೆ ಕೋರ್ಟಿಗೆ ಹೋಗುವುದಿದ್ದರೆ ಮೂಲ ಕಡತ ಇರುವ ಪೆನ್‌ಡ್ರೈವ್ ಮುಚ್ಚಿದ ಲಕೋಟೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಸ್ವೀಕೃತಿಯಲ್ಲಿ ಹ್ಯಾಶ್ ಬರೆಸಿ. ಗುಮಾಸ್ತರು ಬರೆಯಲ್ಲ ಅಂದರೆ ಅರ್ಜಿಯ ಒಳಗೇ ಬರೆದು, ಅದರ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.